ಶುಗರ್ ಇರೋರು ವರ್ಕೌಟ್ ಆದ್ಮೇಲೆ ಏನು ತಿನ್ನೋದು: ಬಾಳೆಹಣ್ಣಾ, ಹಾಲಾ, ವೇ ಶೇಕಾ, ಮೊಟ್ಟೆನಾ, ಇಲ್ಲ ಏನೂ ಬೇಡ್ವಾ?

ವರ್ಕೌಟ್ ಮುಗಿಸಿ ಬೆವರು ಒರೆಸ್ಕೊಳ್ತಾ ಕೂತಾಗಲೇ ಈ ತಲೆನೋವು ಶುರುವಾಗೋದು. ಟ್ರೈನರ್ ಹೇಳ್ತಾನೆ ಅರ್ಧ ಗಂಟೆ ಒಳಗೆ ಶೇಕ್ ಕುಡೀಲಿಲ್ಲ ಅಂದ್ರೆ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ, ಮನೆಯವರು ಸುಸ್ತಾಗಿದೀಯ ತಗೋ ಅಂತ ಬಾಳೆಹಣ್ಣು ಕೈಗೆ ಕೊಡ್ತಾರೆ, ಇತ್ತ ಮೀಟರ್ ನೋಡಿದ್ರೆ ಶುರು ಮಾಡೋ ಮುಂಚೆ 140 ಇದ್ದಿದ್ದು ಈಗ 185 ತೋರಿಸ್ತಿರುತ್ತೆ, ಇನ್ನು ತಿನ್ನೋದಕ್ಕೆ ಧೈರ್ಯ ಎಲ್ಲಿಂದ ಬರ್ಬೇಕು. ಇದನ್ನ ನನ್ನ ಹತ್ರ ಕೇಳೋರು ಬಹಳ ಜನ. ನಾನು ಡಾಕ್ಟರ್ ಅಲ್ಲ, ಟೈಪ್ 2 ಇಟ್ಕೊಂಡೇ ವರ್ಷಗಳಿಂದ ವೆಯ್ಟ್ ಎತ್ತೋನು ಅಷ್ಟೇ, ಹಾಗಾಗಿ ಮಾತ್ರೆ ಇನ್ಸುಲಿನ್ ಡೋಸಿನ ವಿಷಯ ಬಂದಾಗೆಲ್ಲ ನಿಮ್ಮ ಡಾಕ್ಟರ್ ಮಾತೇ ಕೊನೆ.

ನನಗೆ ಅರ್ಥವಾದ ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ನಾವು ಮೂರು ಬೇರೆ ಬೇರೆ ಕೆಲಸಕ್ಕೆ ಒಂದೇ ತಿಂಡಿ ಹುಡುಕ್ತೀವಿ, ಗೊಂದಲ ಎಲ್ಲ ಅಲ್ಲೇ ಹುಟ್ಟೋದು. ಇಳೀತಾ ಇರೋ ಶುಗರನ್ನ ಹಿಡಿದು ನಿಲ್ಸೋದು ಒಂದು ಕೆಲಸ, ಸ್ನಾಯುವಿನಲ್ಲಿ ಖಾಲಿಯಾದ ಗ್ಲೈಕೋಜನ್, ಅಂದ್ರೆ ದೇಹ ಕೂಡಿಟ್ಟ ಸಕ್ಕರೆ, ತುಂಬೋದು ಇನ್ನೊಂದು, ಸ್ನಾಯು ರಿಪೇರಿಗೆ ಪ್ರೋಟೀನ್ ಕೊಡೋದು ಮತ್ತೊಂದು. ಶುಗರ್ ಬಿದ್ದಾಗ ಮೊಟ್ಟೆ ತಿಂದ್ರೆ ಏನೂ ಆಗಲ್ಲ, ಸ್ನಾಯು ಬೆಳೀಲಿ ಅಂತ ಗ್ಲೂಕೋಸ್ ನೀರು ಕುಡಿದ್ರೂ ಏನೂ ಆಗಲ್ಲ. ಇವತ್ತು ನಿಮಗೆ ಯಾವ ಕೆಲಸ ಆಗ್ಬೇಕಿದೆ ಅಂತ ಗೊತ್ತಾದ್ರೆ ಅರ್ಧ ಉತ್ತರ ಸಿಕ್ಕ ಹಾಗೆ, ಎಷ್ಟೋ ದಿನ ಮೂರರಲ್ಲಿ ಒಂದೂ ಬೇಕಾಗಿರಲ್ಲ ಅನ್ನೋದನ್ನೂ ಮರೀಬೇಡಿ.

ದೇಹದ ಲೆಕ್ಕ ಸ್ವಲ್ಪ ನೋಡಿ. ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಓಡಾಡ್ತಾ ಇರೋ ಗ್ಲೂಕೋಸ್ ಬರೀ 4-5 ಗ್ರಾಂ, ಅಂದ್ರೆ ಒಂದು ಟೀ ಚಮಚದಷ್ಟು. ಲಿವರಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಸ್ಟಾಕ್ ಇರುತ್ತೆ. ಸ್ನಾಯು ಕೆಲಸ ಮಾಡ್ವಾಗ ಗ್ಲುಟ್-4 ಅನ್ನೋ ಬಾಗಿಲುಗಳು ಇನ್ಸುಲಿನ್ ಬಂದು ತಟ್ಟದೇನೇ ತೆರ್ಕೊಳ್ತವೆ, ರಕ್ತದ ಸಕ್ಕರೆ ನೇರವಾಗಿ ಒಳಗೆ ಹೋಗುತ್ತೆ, ಶುಗರ್ ಇರೋರಿಗೆ ವ್ಯಾಯಾಮ ಇಷ್ಟು ಚೆನ್ನಾಗಿ ಕೆಲಸ ಮಾಡೋದು ಇದಕ್ಕೇ. ವರ್ಕೌಟ್ ನಿಂತ ಮೇಲೂ ಸ್ನಾಯು ಖಾಲಿಯಾದ ಸ್ಟಾಕ್ ತುಂಬ್ಕೊಳ್ಳೋಕೆ ರಕ್ತದಿಂದ ಸಕ್ಕರೆ ಎಳೀತಾನೇ ಇರುತ್ತೆ, ಇನ್ಸುಲಿನ್‌ಗೆ ದೇಹ ಚುರುಕಾಗಿ ಸ್ಪಂದಿಸೋದು ಒಂದೆರಡು ದಿನದ ತನಕ ಇರಬಹುದು. ಒಳ್ಳೇದೇ, ಆದ್ರೆ ಇನ್ಸುಲಿನ್ ಚುಚ್ಕೊಳ್ಳೋರಿಗೆ ಇದೇ ರಾತ್ರಿ ಹೊತ್ತಲ್ಲಿ ಶತ್ರು ಆಗುತ್ತೆ, ಅದಕ್ಕೆ ಆಮೇಲೆ ಬರ್ತೀನಿ.

ಆರಿಸೋ ಮುಂಚೆ ಏನು ನೋಡ್ಬೇಕು

ಎಲ್ಲಕ್ಕಿಂತ ಮೊದಲು ನೀವು ಯಾವ ಔಷಧ ತಗೊಳ್ತೀರ ಅನ್ನೋದು. ಇದನ್ನ ಬಿಟ್ಟು ಯಾರಾದ್ರೂ ವರ್ಕೌಟ್ ಡಯಟ್ ಬರೆದುಕೊಟ್ರೆ ಆ ಚೀಟಿ ಮಡಚಿ ಪಕ್ಕಕ್ಕಿಡಿ. ಬರೀ ಡಯಟ್ ಮೇಲೆ ಇರೋರು, ಇಲ್ಲ ಮೆಟ್ಫಾರ್ಮಿನ್ ಮಾತ್ರ ತಗೊಳ್ಳೋರು, ಇವರಿಗೆ ವ್ಯಾಯಾಮದಿಂದ ಶುಗರ್ ಅಪಾಯದ ಮಟ್ಟಕ್ಕೆ ಬೀಳೋದು ಅಪರೂಪ, ಸಿಟಾಗ್ಲಿಪ್ಟಿನ್ ತರದ ಗ್ಲಿಪ್ಟಿನ್‌ಗಳೂ ಒಂಟಿಯಾಗಿ ಇದ್ರೆ ಅಷ್ಟೇ. ಆದ್ರೆ ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್ ತರದ ಮಾತ್ರೆಗಳು ಪ್ಯಾಂಕ್ರಿಯಾಸ್ ಹಿಂಡಿ ಇನ್ಸುಲಿನ್ ಬಿಡಿಸ್ತವೆ, ಶುಗರ್ ಎಷ್ಟಿದೆ ಅಂತ ಅವು ನೋಡಲ್ಲ, ಹೊರಗಿಂದ ಚುಚ್ಕೊಂಡ ಇನ್ಸುಲಿನ್ನೂ ಅಷ್ಟೇ, ಶುಗರ್ ನೋಡಿ ಕೆಲಸ ಮಾಡಲ್ಲ. ಈ ಎರಡು ಗುಂಪಿನವರಿಗೆ ವರ್ಕೌಟ್ ಆದ್ಮೇಲಿನ ತಿಂಡಿ ಸುರಕ್ಷತೆಯ ಪ್ರಶ್ನೆ, ಉಳಿದವರಿಗೆ ಬರೀ ಅನುಕೂಲದ ಪ್ರಶ್ನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳೋರದ್ದು ಸ್ವಲ್ಪ ಬೇರೆ, ಅವು ಮೂತ್ರದಲ್ಲಿ ಸಕ್ಕರೆ ಜೊತೆ ನೀರೂ ಕಳೀತವೆ, ಹಾಗಾಗಿ ನೀರು ಕುಡಿಯೋದ್ರಲ್ಲಿ ಸೋಮಾರಿತನ ಬೇಡ, ಉಪವಾಸ ಪ್ಲಸ್ ಕಾರ್ಬ್ (ಪಿಷ್ಟ, ಸಕ್ಕರೆ) ಪೂರ್ತಿ ಬಂದ್ ಪ್ಲಸ್ ಭಾರಿ ವರ್ಕೌಟ್ ಅನ್ನೋ ಕಾಂಬಿನೇಷನ್ ಇವರಿಗೆ ಕೀಟೋನ್ (ಕೊಬ್ಬು ಕರಗಿ ರಕ್ತದಲ್ಲಿ ಏರೋ ಆಮ್ಲ) ಅಪಾಯ ತರಬಹುದು.

ಎರಡನೇದು ಯಾವ ತರ ವ್ಯಾಯಾಮ ಅನ್ನೋದು. ಬಿರುಸು ನಡಿಗೆ, ಸೈಕ್ಲಿಂಗ್, ಈಜು ಇವೆಲ್ಲ ಸಾಮಾನ್ಯವಾಗಿ ಶುಗರ್ ಇಳಿಸ್ತವೆ. ಭಾರಿ ವೆಯ್ಟು, ಸ್ಪ್ರಿಂಟು, ಹಿಟ್ ಅಂತ ಕರೆಯೋ ಜೋರು ಸೆಷನ್ನುಗಳಲ್ಲಿ ಅಡ್ರಿನಲಿನ್ ಏರಿ ಲಿವರಿಗೆ ಸ್ಟಾಕ್ ಬಿಡು ಅಂತ ಆರ್ಡರ್ ಹೋಗುತ್ತೆ, ಸ್ನಾಯು ಎಳ್ಕೊಳ್ಳೋದಕ್ಕಿಂತ ಜಾಸ್ತಿ ಲಿವರ್ ಸುರಿಯುತ್ತೆ, ಮೇಲೆ ಹೇಳಿದ 185 ಬರೋದು ಹೀಗೆ. ಅದು ನೀವು ತಿಂದಿದ್ದರಿಂದ ಬಂದಿದ್ದಲ್ಲ, ಹೆದರ್ಬೇಕಾದ್ದೂ ಅಲ್ಲ, ಹತ್ತು ಹದಿನೈದು ನಿಮಿಷ ನಿಧಾನಕ್ಕೆ ನಡೆದು ಕೂಲ್ ಡೌನ್ ಮಾಡಿ, ಸಾಮಾನ್ಯವಾಗಿ ಒಂದೆರಡು ಗಂಟೇಲಿ ತಾನಾಗೇ ಇಳಿಯುತ್ತೆ. ಇನ್ಸುಲಿನ್ ತಗೊಳ್ಳೋರು ಈ ನಂಬರ್ ನೋಡಿ ಗಾಬರಿಯಾಗಿ ಏರಿದ ಶುಗರ್ ಇಳಿಸೋಕೆ ಚುಚ್ಕೊಳ್ಳೋ ಕರೆಕ್ಷನ್ ಡೋಸ್ ಪೂರ್ತಿ ಹೊಡ್ಕೊಂಡ್ರೆ ಎರಡು ಗಂಟೆ ಬಿಟ್ಟು ಧೊಪ್ಪಂತ ಬೀಳ್ತಾರೆ, ಯಾಕಂದ್ರೆ ಡೋಸಿನ ಕೆಲಸಾನೂ ವರ್ಕೌಟಿನ ಕೆಲಸಾನೂ ಒಟ್ಟಿಗೆ ಬಂದು ಕೂತಿರುತ್ತೆ. ಆದ್ರೆ ಟೈಪ್ 1 ಇರೋರಿಗೆ 250 ದಾಟಿ ಜೊತೆಗೆ ಕೀಟೋನ್ ಇದ್ರೆ ಅದು ಬೇರೆ ಕಥೆ, ಆಗ ವ್ಯಾಯಾಮಾನೇ ಮಾಡಬಾರದು.

ಮೂರನೇದು ಮುಂದಿನ ಊಟ ಎಷ್ಟೊತ್ತಿಗೆ, ಮುಂದಿನ ವರ್ಕೌಟ್ ಯಾವಾಗ. ನಾಲ್ಕನೇದು ಜೇಬು ಮತ್ತೆ ಹೊಟ್ಟೆ, ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸೋರಿಗೆ ಹಾಲು ಎಷ್ಟು ಒಳ್ಳೇದು ಅಂತ ಹೇಳಿ ಏನು ಪ್ರಯೋಜನ.

ಏನೂ ತಿನ್ನದೆ ಊಟಕ್ಕೆ ಕಾಯೋದು

ಇದನ್ನ ಮೊದಲು ಬರೀತಿರೋದು ಯಾಕಂದ್ರೆ ಇದೂ ಒಂದು ಆಯ್ಕೆ ಅಂತ ಯಾರೂ ಹೇಳಲ್ಲ, ಇದರಲ್ಲಿ ಮಾರೋದಕ್ಕೆ ಏನೂ ಇಲ್ವಲ್ಲ. ನೀವು ಮೆಟ್ಫಾರ್ಮಿನ್ ಮೇಲೆ ಇದೀರ, ಮುಕ್ಕಾಲು ಗಂಟೆ ವಾಕಿಂಗೋ ಸಾಧಾರಣ ಜಿಮ್ಮೋ ಮಾಡಿದೀರ, ಒಂದೂವರೆ ಗಂಟೇಲಿ ಊಟ ಇದೆ ಅಂದ್ರೆ ನೀರು ಕುಡಿದು ಸ್ನಾನ ಮಾಡಿ ಊಟ ಮಾಡಿ, ಮುಗೀತು. ಟ್ರೈನರ್ ಹೇಳೋ ಆ ಅರ್ಧ ಗಂಟೆ ಅವಧಿ ನಿಜಕ್ಕೂ ಅಷ್ಟು ಚಿಕ್ಕದಲ್ಲ, ಸ್ನಾಯು ಪ್ರೋಟೀನ್ ಕಟ್ಟೋ ಕೆಲಸ ವರ್ಕೌಟ್ ಆಗಿ ಒಂದು ದಿನದ ಮೇಲೂ ಏರಿದ ಮಟ್ಟದಲ್ಲೇ ಇರುತ್ತೆ, ಅದರಲ್ಲೂ ವರ್ಕೌಟಿಗೆ ಎರಡು ಮೂರು ಗಂಟೆ ಮುಂಚೆ ಊಟ ಮಾಡಿದ್ರೆ ಆ ಪ್ರೋಟೀನೇ ಇನ್ನೂ ರಕ್ತದಲ್ಲಿ ಇರುತ್ತೆ. ಗ್ಲೈಕೋಜನ್ನೂ ಅಷ್ಟೇ, ನಾಳೆ ತನಕ ಮತ್ತೆ ಜೋರು ಕೆಲಸ ಇಲ್ಲಾಂದ್ರೆ ಮಾಮೂಲಿ ಊಟದಲ್ಲೇ ತುಂಬ್ಕೊಳ್ಳುತ್ತೆ. ತೂಕ ಇಳಿಸ್ಬೇಕು ಅನ್ನೋರಿಗಂತೂ ಇದೇ ಸರಿ, ನಡೆದು ಕಳೆದಿದ್ದು ಇನ್ನೂರು ಕ್ಯಾಲರಿ, ಕುಡಿದಿದ್ದು ಮುನ್ನೂರು ಕ್ಯಾಲರಿ ಶೇಕ್ ಅಂದ್ರೆ ಲೆಕ್ಕ ಹೇಗೆ ಕೂಡುತ್ತೆ ಹೇಳಿ.

ಯಾರಿಗೆ ಇದು ಬೇಡ: ಇನ್ಸುಲಿನ್ ಇಲ್ಲ ಗ್ಲಿಮಿಪಿರೈಡ್ ತರದ ಮಾತ್ರೆ ಮೇಲಿದ್ದು ಮೀಟರ್ 100ರ ಕೆಳಗೆ ತೋರಿಸ್ತಾ ಊಟ ಇನ್ನೂ ದೂರ ಇರೋರಿಗೆ, ಮತ್ತೆ ಕಾಯ್ತಾ ಕಾಯ್ತಾ ಕೊನೆಗೆ ಸಿಕ್ಕಿದ್ದನ್ನೆಲ್ಲ ಬಾಚ್ಕೊಂಡು ತಿನ್ನೋರಿಗೆ. ನಾನು ಎರಡನೇ ಪೈಕಿ, ಅದಕ್ಕೇ ಕೆಳಗಿನ ಆಯ್ಕೆಗಳ ಬಗ್ಗೆ ಇಷ್ಟು ಗೊತ್ತು.

ಬಾಳೆಹಣ್ಣು, ಬೇರೆ ಹಣ್ಣು

ಮಧ್ಯಮ ಗಾತ್ರದ ಒಂದು ಬಾಳೆಹಣ್ಣಲ್ಲಿ ಸುಮಾರು 27 ಗ್ರಾಂ ಕಾರ್ಬ್, ಪ್ರೋಟೀನ್ ಒಂದು ಗ್ರಾಂ ಆಸುಪಾಸು. ಅಂದ್ರೆ ಇದು ಸ್ಟಾಕ್ ತುಂಬೋ ತಿಂಡಿ, ರಿಪೇರಿ ತಿಂಡಿ ಅಲ್ಲ. ಒಂದು ಗಂಟೆ ಓಡಿದ ಮೇಲೆ, ಸೈಕಲ್ ತುಳಿದ ಮೇಲೆ ಶುಗರ್ 90-100 ಹತ್ರ ಇದ್ರೆ ಅರ್ಧ ಹಣ್ಣು ಒಳ್ಳೆ ಅಳತೆ, 13-14 ಗ್ರಾಂ ಆಗುತ್ತೆ. ವೆಯ್ಟ್ ಎತ್ತಿ 180 ತೋರಿಸ್ತಿರೋವಾಗ ಇಡೀ ಹಣ್ಣು ಯಾಕೆ ಬೇಕು, ಲಿವರ್ ಆಗಲೇ ಬಡಿಸಿದೆ. ಚುಕ್ಕೆ ಬಂದು ಪೂರ್ತಿ ಮಾಗಿದ ಹಣ್ಣಲ್ಲಿ ಪಿಷ್ಟ ಎಲ್ಲ ಸಕ್ಕರೆ ಆಗಿರುತ್ತೆ, ಬೇಗ ಏರಿಸುತ್ತೆ, ಸ್ವಲ್ಪ ಗಟ್ಟಿ ಇರೋದು ನಿಧಾನ. ಅಗ್ಗ, ಸಿಪ್ಪೆಯೇ ಪ್ಯಾಕಿಂಗು, ಬ್ಯಾಗಲ್ಲಿ ಜಜ್ಜಿ ಹೋಗೋದೊಂದು ಬಿಟ್ರೆ ದೂರೋಕೆ ಏನೂ ಇಲ್ಲ.

ಹಾಲು, ಚಾಕೊಲೇಟ್ ಹಾಲು, ಮೊಸರು

ಒಂದೇ ಒಂದು ತಿಂಡಿ ಆರಿಸು ಅಂತ ಕುತ್ತಿಗೆ ಮೇಲೆ ಕೂತ್ರೆ ನಾನು ಸಾದಾ ಹಾಲು ಅಂತೀನಿ. 250 ಎಂಎಲ್‌ಗೆ 8 ಗ್ರಾಂ ಪ್ರೋಟೀನ್, 12 ಗ್ರಾಂ ಕಾರ್ಬ್, ಜೊತೆಗೆ ನೀರು, ಸೋಡಿಯಂ, ಪೊಟ್ಯಾಸಿಯಂ, ಮೂರು ಕೆಲಸದಲ್ಲೂ ಸ್ವಲ್ಪ ಸ್ವಲ್ಪ ಮಾಡುತ್ತೆ, ಶುಗರ್ ಮೆಲ್ಲಗೆ ಏರಿಸುತ್ತೆ. ಕೊರತೆ ಏನಂದ್ರೆ ಪ್ರೋಟೀನ್ ಒಂದು ಲೋಟಕ್ಕೆ ಸಾಲಲ್ಲ, ಭಾರಿ ವೆಯ್ಟ್ ಎತ್ತಿದ ದಿನ ಒಂದು ಹೊತ್ತಿಗೆ 20 ರಿಂದ 40 ಗ್ರಾಂ ಪ್ರೋಟೀನ್ ಅನ್ನೋದು ಸಾಮಾನ್ಯವಾಗಿ ಹೇಳೋ ಅಳತೆ. ಚಾಕೊಲೇಟ್ ಹಾಲು ಓಟಗಾರರಿಗೆ ಒಳ್ಳೇದು ಅಂತ ಕೇಳಿರ್ತೀರ, ಸುಳ್ಳಲ್ಲ, ಆದ್ರೆ ಅದು ಎರಡು ಗಂಟೆ ಓಡಿ ಸಂಜೆ ಮತ್ತೆ ಓಡೋರ ಲೆಕ್ಕ, ಅಷ್ಟೇ ಹಾಲಿಗೆ ಕಾರ್ಬ್ ಡಬಲ್ ಆಗುತ್ತೆ, ನಾವು ಟ್ರೆಡ್‌ಮಿಲ್ ಮೇಲೆ ಇಪ್ಪತ್ತು ನಿಮಿಷ ನಡೆದು ಅದನ್ನ ಕುಡಿದು ರಿಕವರಿ ಅನ್ನೋದು ನಮಗೆ ನಾವೇ ಟೋಪಿ ಹಾಕ್ಕೊಂಡ ಹಾಗೆ.

ಹಾಲು ಆಗದವರು ಮೊಸರು ನೋಡಿ, ಹೆಪ್ಪಾಗುವಾಗ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಸ್ವಲ್ಪ ಕಮ್ಮಿಯಾಗಿರುತ್ತೆ. ನೀರು ಬಸಿದ ಗಟ್ಟಿ ಮೊಸರು 200 ಗ್ರಾಂ ತಗೊಂಡ್ರೆ ಪ್ರೋಟೀನ್ 18-20 ಗ್ರಾಂ ತನಕ ಬರುತ್ತೆ, ಬಸಿಯದ ಮೊಸರಲ್ಲಿ ಅದರ ಅರ್ಧಾನೂ ಇರಲ್ಲ. ಹಣ್ಣಿನ ಫ್ಲೇವರ್ ಹಾಕಿದ ಡಬ್ಬಿ ಮೊಸರು ತಗೊಳ್ಳೋ ಮುಂಚೆ ಹಿಂದೆ ತಿರುಗ್ಸಿ ಸಕ್ಕರೆ ಎಷ್ಟಿದೆ ಅಂತ ಓದಿ, ಕೆಲವು ಐಸ್‌ಕ್ರೀಮಿನ ತಮ್ಮ.

ವೇ ಪ್ರೋಟೀನ್

ವೇ ಅಂದ್ರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. ಹತ್ರ ಹತ್ರ 30 ಗ್ರಾಂ ಸ್ಕೂಪಿಗೆ 20-25 ಗ್ರಾಂ ಪ್ರೋಟೀನ್, ಕಾರ್ಬ್ ತೀರಾ ಕಮ್ಮಿ, ಬೇಗ ಜೀರ್ಣ, ಸ್ನಾಯು ಕಟ್ಟೋಕೆ ಸಿಗ್ನಲ್ ಕೊಡೋ ಲ್ಯೂಸಿನ್ ಜಾಸ್ತಿ. ಶುಗರ್ ಇರೋರಿಗೆ ಇನ್ನೊಂದು ಲಾಭ ಇದೆ, ಊಟಕ್ಕೆ ಸ್ವಲ್ಪ ಮುಂಚೆ ಕುಡಿದ್ರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತೆ, ಇನ್ಸುಲಿನ್ ಬೇಗ ಏಳುತ್ತೆ, ಊಟ ಆದ್ಮೇಲಿನ ಏರಿಕೆ ಕಮ್ಮಿಯಾಗುತ್ತೆ. ಹಾಗಾಗಿ ವರ್ಕೌಟ್ ಮುಗಿಸಿ ಅರ್ಧ ಗಂಟೇಲಿ ಊಟ ಮಾಡೋರಿಗೆ ನೀರಲ್ಲಿ ಕಲಸಿದ ಒಂದು ಸ್ಕೂಪ್ ಚೆನ್ನಾಗೇ ಹೊಂದುತ್ತೆ.

ಆದ್ರೆ ದುಡ್ಡು. ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ, ಡಬ್ಬಿ ಬೆಲೆ ನೋಡ್ಬೇಡಿ, ಡಬ್ಬಿಯಲ್ಲಿರೋ ಒಟ್ಟು ಪ್ರೋಟೀನ್ ಗ್ರಾಂ ಎಷ್ಟೋ ಅದರಿಂದ ಬೆಲೆ ಭಾಗಿಸಿ, ಅದನ್ನೇ ಮೊಟ್ಟೆಗೂ ಹಾಲಿಗೂ ಮಾಡಿ, ಆಗ ಗೊತ್ತಾಗುತ್ತೆ ನೀವು ಕೊಡ್ತಿರೋದು ಪ್ರೋಟೀನಿಗಾ ಬರೀ ಅನುಕೂಲಕ್ಕಾ ಅಂತ. ಹಾಲು ಆಗದವರಿಗೆ ಕಾನ್ಸಂಟ್ರೇಟ್ ಅನ್ನೋ ವೇಗಿಂತ ಇನ್ನೂ ಸೋಸಿದ ಐಸೊಲೇಟ್ ವಾಸಿ, ಲ್ಯಾಕ್ಟೋಸ್ ಬಹಳ ಕಮ್ಮಿ, ಬೆಲೆ ಮಾತ್ರ ಜಾಸ್ತಿ. ಮಾಸ್ ಗೇನರ್ ಅಂತ ಬರೆದಿರೋ ದೊಡ್ಡ ಡಬ್ಬಿ ಮಾತ್ರ ಶುಗರ್ ಇರೋರು ಮುಟ್ಟಬೇಡಿ, ಅದರಲ್ಲಿ ಮುಖ್ಯವಾಗಿ ಇರೋದು ಮಾಲ್ಟೋಡೆಕ್ಸ್ಟ್ರಿನ್ ಅನ್ನೋ ಪಿಷ್ಟದ ಪುಡಿ, ಒಂದು ಸರ್ವಿಂಗಿಗೆ ಕಾರ್ಬ್ 50 ಗ್ರಾಂ ದಾಟೋದು ಮಾಮೂಲು, ಹೆಸರು ಸಕ್ಕರೆ ಅಲ್ಲದಿದ್ರೂ ರಕ್ತಕ್ಕೆ ಗ್ಲೂಕೋಸಿನಷ್ಟೇ ಬೇಗ ಇಳಿಯುತ್ತೆ. ಕಿಡ್ನಿ ತೊಂದರೆ ಇದೆ ಅಂತ ಡಾಕ್ಟರ್ ಹೇಳಿದ್ರೆ ಪೌಡರ್ ಶುರು ಮಾಡೋ ಮುಂಚೆ ಅವರನ್ನೇ ಕೇಳಿ, ಅಲ್ಲಿ ಪ್ರೋಟೀನಿಗೂ ಮಿತಿ ಇರುತ್ತೆ.

ಮೊಟ್ಟೆ, ಬೇಯಿಸಿದ ಕಾಳು, ಕಡಲೆಬೀಜ

ಮೊಟ್ಟೆಗೆ 6 ಗ್ರಾಂ ಪ್ರೋಟೀನ್, ಕಾರ್ಬ್ ಇಲ್ಲ ಅಂತಾನೇ ಹೇಳಬಹುದು, ಮೂರು ತಿಂದ್ರೆ ಒಂದು ಸ್ಕೂಪ್ ವೇ ಹತ್ರ ಬಂತು. 185 ತೋರಿಸ್ತಿರೋ ವೆಯ್ಟ್ ದಿನಕ್ಕೆ ನನ್ನ ಮಾಮೂಲಿ ಇದೇ. ಬೇಯಿಸಿದ ಕಡಲೆಕಾಳು ಒಂದು ಕಪ್ಪಿಗೆ 14-15 ಗ್ರಾಂ ಪ್ರೋಟೀನ್, ಸುಮಾರು 45 ಗ್ರಾಂ ಕಾರ್ಬ್, ನಾರು ಜಾಸ್ತಿ ಇರೋದ್ರಿಂದ ನಿಧಾನಕ್ಕೆ ಏರುತ್ತೆ, ಮೊಟ್ಟೆ ತಿನ್ನದವರಿಗೆ, ಜೇಬು ಬಿಗಿ ಇರೋರಿಗೆ ಒಳ್ಳೇದು, ಆದ್ರೆ ಅದು ತಿಂಡಿ ಅಲ್ಲ ಅರ್ಧ ಊಟ, ಊಟದಲ್ಲಿ ಅಷ್ಟು ಕಾರ್ಬ್ ಕಮ್ಮಿ ಮಾಡ್ಬೇಕು. ಕಡಲೆಬೀಜ ಹಿಡಿಯಷ್ಟು ತಿಂದ್ರೆ 7 ಗ್ರಾಂ ಪ್ರೋಟೀನ್ ಜೊತೆ 14 ಗ್ರಾಂ ಕೊಬ್ಬು, ಹಸಿವು ತಡೆಯುತ್ತೆ, ಶುಗರ್ ಏರಿಸಲ್ಲ. ಆದ್ರೆ ಇಳಿದ ಶುಗರನ್ನೂ ಏರಿಸಲ್ಲ, ಇದನ್ನ ನಾನು ಕಷ್ಟಪಟ್ಟು ಕಲಿತೆ.

ಆಗ ನಾನು ಗ್ಲಿಮಿಪಿರೈಡ್ ಮೇಲಿದ್ದೆ. ಒಂದು ಸಂಜೆ ಎರಡು ಗಂಟೆ ಸೈಕಲ್ ತುಳಿದು ಬಂದು ಕೈ ನಡುಗೋಕೆ ಶುರುವಾಯ್ತು, ಮೀಟರ್ 58. ಬ್ಯಾಗಲ್ಲಿ ಇದ್ದಿದ್ದು ಕಡಲೆಬೀಜ ಹಾಕಿದ ಚಾಕೊಲೇಟ್ ಬಾರ್, ಸಿಹಿ ತಾನೇ ಅಂತ ಅದನ್ನೇ ತಿಂದೆ, ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ 55. ಕೊಬ್ಬು ಹೊಟ್ಟೆಯ ಬಾಗಿಲು ಹಿಡಿದು ನಿಂತಿತ್ತು, ಸಕ್ಕರೆ ಒಳಗೇ ಕೂತಿತ್ತು. ಪಕ್ಕದವರು ಜ್ಯೂಸ್ ಕುಡಿಸಿದ ಮೇಲೆ ಸರಿಹೋಯ್ತು, ಆಮೇಲೆ ಎರಡೂ ಸೇರಿ ರಾತ್ರಿ 240 ಆಯ್ತು ಅನ್ನೋದು ಬೇರೆ ವಿಷಯ. ಡಾಕ್ಟರು ಮಾತ್ರೆ ಬದಲಾಯಿಸಿದ್ರು.

ಶುಗರ್ ನಿಜವಾಗ್ಲೂ ಬಿದ್ದಿದ್ರೆ

70ರ ಕೆಳಗೆ ಬಂದ್ರೆ ರಿಕವರಿ, ಪ್ರೋಟೀನ್, ಡಯಟ್ ಎಲ್ಲ ಆಮೇಲೆ. 15 ಗ್ರಾಂ ಬೇಗ ಇಳಿಯೋ ಸಕ್ಕರೆ, 15 ನಿಮಿಷ ಕಾಯೋದು, ಮತ್ತೆ ಚೆಕ್ ಮಾಡೋದು, ಇನ್ನೂ 70 ದಾಟಿಲ್ಲಾಂದ್ರೆ ಮತ್ತೊಂದು ಸಲ. ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ, ಇಲ್ಲ ಅರ್ಧ ಕಪ್ ಜ್ಯೂಸ್, ಇಲ್ಲ ಡಯಟ್ ಅಲ್ಲದ ಮಾಮೂಲಿ ಕೂಲ್ ಡ್ರಿಂಕ್ 150 ಎಂಎಲ್, ಯಾವುದಾದ್ರೂ ನಡೆಯುತ್ತೆ, ಗ್ಲೂಕೋಸ್ ಮಾತ್ರೆ ಆದ್ರೆ ಅಳತೆ ಸುಲಭ. ಊಟದ ಜೊತೆ ಅಕಾರ್ಬೋಸ್ ಇಲ್ಲ ವೋಗ್ಲಿಬೋಸ್ ತಗೊಳ್ಳೋರು ಇದನ್ನ ಗಮನಿಸಿ, ಆ ಮಾತ್ರೆ ಸಕ್ಕರೆಯನ್ನ ಒಡೆಯೋ ಕಿಣ್ವಾನೇ ತಡೆಯುತ್ತೆ, ಹಾಗಾಗಿ ಅಡುಗೆಮನೆ ಸಕ್ಕರೆ ನಿಮಗೆ ಬೇಗ ಕೆಲಸ ಮಾಡಲ್ಲ, ಶುದ್ಧ ಗ್ಲೂಕೋಸೇ ಬೇಕು. 54ರ ಕೆಳಗೆ ಹೋದ್ರೆ ತಲೆ ಸರಿಯಾಗಿ ಓಡಲ್ಲ, ಒಬ್ಬರೇ ಇರ್ಬೇಡಿ, ಪ್ರಜ್ಞೆ ತಪ್ಪಿದವರ ಬಾಯಿಗೆ ಯಾರೂ ಏನೂ ಹಾಕಬಾರದು, ಆಂಬ್ಯುಲೆನ್ಸ್ ಕರೀಬೇಕು. ಬಿಪಿಗೆ ಬೀಟಾ ಬ್ಲಾಕರ್ ತಗೊಳ್ಳೋರಿಗೆ ಎದೆ ಬಡಿತ, ನಡುಕ ಗೊತ್ತಾಗದೇ ಹೋಗಬಹುದು, ಬೆವರು ಮಾತ್ರ ಬರುತ್ತೆ, ಜಿಮ್ಮಲ್ಲಿ ಬೆವರು ಎಲ್ಲರಿಗೂ ಬರುತ್ತಲ್ಲ, ಅದಕ್ಕೆ ಮೀಟರ್ ನಂಬಿ.

ಸ್ಪೋರ್ಟ್ಸ್ ಡ್ರಿಂಕ್ ಜಾಗ ಎಲ್ಲಿ ಅಂದ್ರೆ ಹತ್ರ ಹತ್ರ ಇಲ್ಲೇ. ಅರ್ಧ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ, ಒಂದು ಗಂಟೆ ಮೀರಿದ ಓಟ ಸೈಕ್ಲಿಂಗ್ ನಡುವೆ ಕುಡಿಯೋಕೆ ಸರಿ. ವರ್ಕೌಟ್ ಮುಗಿದ ಮೇಲೆ ಬಾಯಾರಿಕೆಗೆ ಕುಡಿಯೋದಾದ್ರೆ ನೀರು ಸಾಕು.

ಹಾಗಾದ್ರೆ ಯಾರಿಗೆ ಯಾವುದು

ಎಂಟು ಗಂಟೆ ಒಳಗೆ ಮತ್ತೆ ಜೋರು ಟ್ರೈನಿಂಗ್ ಇರೋ ಆಟಗಾರರು ಮಾತ್ರ ಕಾರ್ಬ್ ಬಗ್ಗೆ ಆತುರ ಪಡ್ಬೇಕು, ಅವರಿಗೆ ಮೊದಲ ನಾಲ್ಕು ಗಂಟೆ ಗಂಟೆಗೆ ದೇಹದ ತೂಕದ ಪ್ರತಿ ಕಿಲೋಗೆ 1 ರಿಂದ 1.2 ಗ್ರಾಂ ಕಾರ್ಬ್ ಅನ್ನೋ ಲೆಕ್ಕ ಇದೆ, 70 ಕಿಲೋ ಇದ್ರೆ ಗಂಟೆಗೆ 70-84 ಗ್ರಾಂ, ಇನ್ಸುಲಿನ್ ತಗೊಳ್ಳೋರು ಇದನ್ನ ಡೋಸ್ ಜೊತೆ ಹೊಂದಿಸದೇ ಮಾಡೋ ಹಾಗಿಲ್ಲ. ಸ್ನಾಯು ಬೆಳೆಸ್ಬೇಕು, ಸಮಯ ಇಲ್ಲ, ದುಡ್ಡಿದೆ ಅನ್ನೋರಿಗೆ ವೇ. ಅದೇ ಗುರಿ, ದುಡ್ಡು ಕಮ್ಮಿ ಅನ್ನೋರಿಗೆ ಮೊಟ್ಟೆ, ಇಲ್ಲ ಹಾಲಿನ ಜೊತೆ ಕಾಳು. ವಯಸ್ಸು ಅರವತ್ತು ದಾಟಿದ್ರೆ ಪ್ರೋಟೀನ್ ಪಾಲು ಸ್ವಲ್ಪ ಜಾಸ್ತಿ ಬೇಕು, ಆ ವಯಸ್ಸಲ್ಲಿ ಸ್ನಾಯು ಸುಲಭಕ್ಕೆ ಮಾತು ಕೇಳಲ್ಲ. ವಾಕಿಂಗ್ ಮಾತ್ರ ಮಾಡೋರು, ಮೆಟ್ಫಾರ್ಮಿನ್ ಮೇಲಿರೋರು, ಊಟಕ್ಕೆ ಕಾಯಿರಿ, ಇನ್ನೂ ಒಳ್ಳೇದು ಅಂದ್ರೆ ವಾಕಿಂಗನ್ನೇ ಊಟ ಆದ್ಮೇಲಕ್ಕೆ ತಳ್ಳಿ, ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದ್ರೆ ಏರೋ ಶುಗರ್ ಅಲ್ಲೇ ತಗ್ಗುತ್ತೆ.

ಸಂಜೆ ಇಲ್ಲ ರಾತ್ರಿ ವರ್ಕೌಟ್ ಮಾಡೋ ಇನ್ಸುಲಿನ್ ಬಳಗಕ್ಕೆ ಮಾತ್ರ ಇನ್ನೊಂದು ಪದರ ಇದೆ. ಸ್ನಾಯು ಸ್ಟಾಕ್ ತುಂಬ್ಕೊಳ್ತಾ ಇರೋದ್ರಿಂದ ವರ್ಕೌಟ್ ಆಗಿ ಆರು, ಹತ್ತು ಗಂಟೆ ಬಿಟ್ಟು, ಅಂದ್ರೆ ನಿದ್ದೆಯಲ್ಲಿರುವಾಗ ಶುಗರ್ ಬೀಳಬಹುದು. ಇವರು ಬರೀ ವೇ ಕುಡಿದು ಮಲಗೋದಕ್ಕಿಂತ ಹಾಲು ತರ ಕಾರ್ಬೂ ಪ್ರೋಟೀನೂ ಇರೋದು ತಗೊಳ್ಳೋದು ಮೇಲು, ಮಲಗೋ ಮುಂಚೆ ಒಂದು ಸಲ ಚೆಕ್ ಮಾಡ್ಬೇಕು, ಸಿಜಿಎಂ (ಮೈಗೆ ಅಂಟಿಸ್ಕೊಂಡು ಶುಗರ್ ಸತತವಾಗಿ ನೋಡೋ ಸೆನ್ಸರ್) ಇದ್ರೆ ಅಲಾರಂ ಆನ್ ಇಡಿ, ರಾತ್ರಿ ಡೋಸ್ ಇಳಿಸ್ಬೇಕಾ ಅಂತ ಡಾಕ್ಟರ್ ಹತ್ರ ಮೊದಲೇ ಮಾತಾಡಿರಿ. ಅವತ್ತು ಮದ್ಯ ಬೇಡ, ಹೊಸ ಗ್ಲೂಕೋಸ್ ತಯಾರಿಸೋ ಲಿವರಿನ ಕೆಲಸಾನೇ ಅದು ನಿಲ್ಲಿಸುತ್ತೆ.

ಇಷ್ಟಾದ್ಮೇಲೂ ಎರಡರ ಮಧ್ಯೆ ತೂಗಾಡ್ತಿದ್ರೆ ನಿಮ್ಮ ಮೇಲೇ ಟೆಸ್ಟ್ ಮಾಡಿ ನೋಡಿ. ಒಂದೇ ವರ್ಕೌಟು, ಒಂದೇ ಹೊತ್ತು, ಒಂದು ವಾರ ಬಾಳೆಹಣ್ಣು, ಇನ್ನೊಂದು ವಾರ ಹಾಲು, ಶುರು ಮಾಡೋ ಮುಂಚೆ ಒಂದು ರೀಡಿಂಗ್, ಮುಗಿದ ತಕ್ಷಣ ಒಂದು, ತಿಂದು ಎರಡು ಗಂಟೆಗೆ ಒಂದು, ಬರೆದಿಟ್ಕೊಳ್ಳಿ. ಸಿಜಿಎಂ ಹಾಕಿರೋರು ಅದು ವ್ಯಾಯಾಮದ ಹೊತ್ತಲ್ಲಿ ರಕ್ತಕ್ಕಿಂತ ಐದರಿಂದ ಹದಿನೈದು ನಿಮಿಷ ಹಿಂದೆ ಇರುತ್ತೆ ಅಂತ ನೆನಪಿಡಿ, ಬಾಣ ಕೆಳಗೆ ತೋರಿಸ್ತಾ 85 ಇದ್ರೆ ನಿಜದಲ್ಲಿ ಇನ್ನೂ ಕೆಳಗಿರಬಹುದು. ಬೆರಳು ಚುಚ್ಚೋರು ಕೈ ತೊಳೆದು ಒರೆಸ್ಕೊಂಡು ಚುಚ್ಚಿ, ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿ 260 ನೋಡಿ ಒಂದಿಡೀ ಸಂಜೆ ಬಾಳೆಹಣ್ಣಿಗೆ ಶಾಪ ಹಾಕಿದೋನು ನಾನು, ತೊಳೆದು ನೋಡಿದಾಗ 128 ಇತ್ತು.